ಗಾಂಜಾ ಸೇದಿ ಸಿಕ್ಕಿಬಿದ್ದ ಹುಡುಗನ ಮೇಲೆ ಕೇಸ್ ಹಾಕ್ಬೇಕಾ?

ಪರ

ಹಾಕ್ಲೇಬೇಕು. ಮಾಲು ತರುವವನಿಗೆ ದುಡ್ಡು ಬರೋದೇ ಸೇದುವವನ ಕಿಸೆಯಿಂದ ಅಲ್ವಾ. ಕೊಲಂಬಿಯಾದಲ್ಲಿ 1993ರಲ್ಲಿ ಕೊಕೇನ್ ದೊರೆ ಪಾಬ್ಲೊ ಎಸ್ಕೋಬಾರ್‌ನನ್ನು ಕೊಂದ್ರು, ಕೊಕೇನ್ ನಿಂತಿತಾ? ತಗೊಳ್ಳುವವರು ಇದ್ರು, ಕಾಲಿ ಊರಿನ ಗ್ಯಾಂಗ್ ವ್ಯಾಪಾರ ಮುಂದುವರಿಸಿತು. ಕೆಳಗಿಂದ ಎಳೆದ್ರೇ ಬೇರು ಸಿಗೋದು. ಪಂಪ್‌ವೆಲ್ ಹತ್ರ ಒಬ್ಬನ ಕೈಯಲ್ಲಿ ಸಿಕ್ಕಿದ್ದು 15 ಗ್ರಾಂ ಎಂಡಿಎಂಎ ಅನ್ನೋ ಡ್ರಗ್, ಅದೇ ದಾರಿ ಹಿಡಿದು ಹೋದ ನಮ್ಮ ಮಂಗಳೂರು ಸಿಸಿಬಿ ಪೊಲೀಸರಿಗೆ 2025ರ ಮಾರ್ಚಲ್ಲಿ ಬೆಂಗಳೂರಲ್ಲಿ 37 ಕೆಜಿಗಿಂತ ಹೆಚ್ಚು ಸಿಕ್ಕಿತು, ಬೆಲೆ 75 ಕೋಟಿ ಅಂದ್ರು. ಮತ್ತೆ ಪಿಜಿಗಳಲ್ಲಿ ಆಗೋದು ಎಂಥ? ಇವತ್ತು ಸೇದುವವ ನಾಳೆ ತನ್ನ ಖರ್ಚು ಹುಟ್ಟಿಸ್ಲಿಕ್ಕೆ ಜೂನಿಯರ್‌ಗೆ ಮಾರ್ತಾನೆ. ಕೇಸಿನ ಹೆದರಿಕೆ ಇದ್ರೆ ಕೆಲವರಾದ್ರೂ ಮೊದಲನೇ ಸಲವೇ ಬೇಡ ಅಂತಾರೆ.

ವಿರೋಧ

ಬೇಡ. 15 ಗ್ರಾಂ ಇಟ್ಕೊಂಡವ ಬರೀ ಸೇದುವವ ಅಲ್ಲ, ಎಂಡಿಎಂಎ 10 ಗ್ರಾಂ ದಾಟಿದ್ರೆ ಕಾನೂನಿನ ಲೆಕ್ಕದಲ್ಲೇ ಕಮರ್ಷಿಯಲ್, ಅಂದ್ರೆ ವ್ಯಾಪಾರದ ಪ್ರಮಾಣ, ಅವನನ್ನು ಬಿಡಿ ಅಂತ ಯಾರೂ ಹೇಳ್ತಿಲ್ಲ. ನಾನು ಹೇಳೋದು ಟೆಸ್ಟ್ ಪಾಸಿಟಿವ್ ಬಂತು ಅಂತ ಮಾತ್ರ ಎಫ್‌ಐಆರ್ ಆಗುವ ಹುಡುಗರ ವಿಷಯ. ಅವರಿಗೆ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್, ಗಾಂಜಾಕ್ಕೆ ಆರು ತಿಂಗಳವರೆಗೆ ಜೈಲು ಇಲ್ಲಾ 10,000 ರೂಪಾಯಿವರೆಗೆ ದಂಡ ಇಲ್ಲಾ ಎರಡೂ, ಕೇಳ್ಲಿಕ್ಕೆ ಸಣ್ಣದು.

ನಮ್ಮ ಪಕ್ಕದ ಮನೆ ಹುಡುಗನನ್ನು ಹಾಗೆ ಹಿಡಿದಾಗ ಠಾಣೆಗೆ ನಾನೂ ಹೋಗಿದ್ದೆ. ಅವನಮ್ಮ ಬೀಡಿ ಕಟ್ಟಿ ಫೀಸ್ ಕಟ್ಟಿದವರು, ಬೆಂಚಿನ ತುದಿಯಲ್ಲಿ ಕೂತು ಪ್ಲಾಸ್ಟಿಕ್ ತೊಟ್ಟೆಯಿಂದ ಅವನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೆದು ತೆಗೆದು ತೋರಿಸ್ತಿದ್ರು, "ಸಾರ್ ಇವ ಓದ್ಲಿಕ್ಕೆ ಹುಷಾರುಂಟು" ಅಂತ, ಯಾರೂ ತಲೆ ಎತ್ತಿ ನೋಡ್ಲಿಲ್ಲ. ದಂಡ ಕಟ್ಟಿ ಬಂದ. ಎರಡು ವರ್ಷ ಬಿಟ್ಟು ದುಬೈಯಲ್ಲಿ ಕೆಲಸ ಸಿಕ್ಕಿತು, ಪೊಲೀಸ್ ಕ್ಲಿಯರೆನ್ಸಿಗೆ ಹಾಕಿದಾಗ ಹಳೇ ಕೇಸ್ ಎದ್ದು ಬಂತು, ಕೆಲಸ ಹೋಯ್ತು. ನಮ್ಮೂರಲ್ಲಿ ಗಲ್ಫಿನ ಬಾಗಿಲು ಮುಚ್ಚಿದ್ರೆ ಒಂದು ಮನೆಗೆ ಎಷ್ಟು ನಷ್ಟ ಅಂತ ಹೇಳ್ಬೇಕಾ?

ಅದೇ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಅಂತ ಉಂಟು, ಚಟಕ್ಕೆ ಬಿದ್ದವ ತಾನಾಗಿ ಸರ್ಕಾರಿ ಇಲ್ಲಾ ಮಾನ್ಯತೆ ಇರುವ ಕೇಂದ್ರದಲ್ಲಿ ಪೂರ್ತಿ ಟ್ರೀಟ್ಮೆಂಟ್ ತಗೊಂಡ್ರೆ ಇಂಥ ಸಣ್ಣ ಕೇಸಲ್ಲಿ ಅವನ ಮೇಲೆ ಕೋರ್ಟ್ ಕ್ರಮ ಇಲ್ಲ. ಆ ದಿನ ಠಾಣೆಯಲ್ಲಿ ಒಬ್ಬರೂ ಅವನಮ್ಮನಿಗೆ ಇದನ್ನು ಹೇಳ್ಲಿಲ್ಲ, ನನಗೂ ಆಗ ಗೊತ್ತಿರ್ಲಿಲ್ಲ, ಅದು ಇವತ್ತಿಗೂ ಕೊರೀತದೆ. ಮೊನ್ನೆ ನಾನು ಹೇಳಿದಾಗ ಅವರು ಬೀಡಿ ಕಟ್ಟುವ ಮೊರ ಕೆಳಗಿಟ್ಟು, "ಹೇಳಿದ್ರೆ ಅವತ್ತೇ ನಾನೇ ಕರ್ಕೊಂಡು ಹೋಗ್ತಿದ್ದೆ" ಅಂದ್ರು.