ಅತ್ತರೆ ಹತ್ತು ಅಂಕ

ಕಾಲೇಜೊಂದರ ನಾಟಕ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ನನ್ನ ಕೈಗೆ ಕೊಟ್ಟ ಹಾಳೆಯಲ್ಲಿ ಹತ್ತು ಕಾಲಂ ಇದ್ದವು. ಒಂದೊಂದಕ್ಕೂ ಹತ್ತು ಅಂಕ. ಮೂರನೆಯದು ‘ಏಲಿಯನೇಷನ್’, ಅಂದರೆ ಪ್ರೇಕ್ಷಕರು ನಾಟಕದಲ್ಲಿ ಮುಳುಗಿಹೋಗದೆ ದೂರ ನಿಂತು ಯೋಚಿಸುವ ಹಾಗೆ ಮಾಡುವುದು. ಏಳನೆಯದು ‘ಪ್ರೇಕ್ಷಕರನ್ನು ಭಾವಪರವಶಗೊಳಿಸಿದ ಪ್ರಮಾಣ’. ಮೂರರಲ್ಲಿ ಹತ್ತು ಬಂದರೆ ಏಳರಲ್ಲಿ ಸೊನ್ನೆ ಬರಬೇಕು. ಏಳರಲ್ಲಿ ಹತ್ತು ಬಂದರೆ ಮೂರಕ್ಕೆ ಸೊನ್ನೆ. ಪಕ್ಕದಲ್ಲಿ ಕೂತಿದ್ದ ಕಾಮರ್ಸ್ ಮೇಷ್ಟ್ರ ಕಿವಿಯಲ್ಲಿ ಇದನ್ನು ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಒಂದ್ ಕಡೆ ಡೆಬಿಟ್, ಇನ್ನೊಂದ್ ಕಡೆ ಕ್ರೆಡಿಟ್. ಟ್ಯಾಲಿ ಆಗತ್ತಲ್ಲ ಬಿಡಿ ಸಾರ್" ಎಂದರು.

ಎಂಟನೇ ಕಾಲಂ ‘ಶ್ರುತಿಶುದ್ಧತೆ’. ಅದನ್ನು ನೋಡಿದ ಮೇಲೆ ಗುಟ್ಟು ಗೊತ್ತಾಯಿತು. ಹೋದ ವರ್ಷದ ಭಾವಗೀತೆ ಸ್ಪರ್ಧೆಯ ಹಾಳೆಗೇ ಒಂದು ಕಾಲಂ ಸೇರಿಸಿ ಜೆರಾಕ್ಸ್ ಮಾಡಿಸಿದ್ದರು.

ಕಾಲೇಜು ಯಾವುದು ಅಂತ ಕೇಳಬೇಡಿ. ಅಂತರ ತರಗತಿ ನಾಟಕ ಸ್ಪರ್ಧೆ. ಈ ಸಲ ಎಲ್ಲ ತಂಡಗಳೂ ಜರ್ಮನ್ ನಾಟಕಕಾರ ಬ್ರೆಕ್ಟ್ ಬೆಳೆಸಿದ ಎಪಿಕ್ ಥಿಯೇಟರ್ ಶೈಲಿಯಲ್ಲೇ ಆಡಬೇಕು, ಅದಕ್ಕೆ ಇಂಟರ್ನಲ್ ಮಾರ್ಕ್ಸ್ ಕೂಡ ಉಂಟು ಎಂದು ಸುತ್ತೋಲೆ ಬಂದಿತ್ತು. ಎಪಿಕ್ ಅಂದರೆ ಮಹಾಕಾವ್ಯ ತಾನೇ ಎಂದುಕೊಂಡ ಮೊದಲ ವರ್ಷದ ಹುಡುಗರು ಗದೆ, ಕಿರೀಟ ಬಾಡಿಗೆಗೆ ತಂದುಬಿಟ್ಟಿದ್ದರು. ಅಡ್ವಾನ್ಸ್ ವಾಪಸ್ ಬರಲಿಲ್ಲ. ಹಾಗಾಗಿ ಮೊದಲ ನಾಟಕದಲ್ಲಿ ಭೀಮ ಗದೆ ಹೊತ್ತು ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತ. ಬೆರಳಚ್ಚು ಮ್ಯಾಚ್ ಆಗಲಿಲ್ಲ. ಬ್ರೆಕ್ಟ್ ನೋಡಿದ್ದರೆ ಖುಷಿಗೆ ಇನ್ನೊಂದು ಚುರುಟು ಹಚ್ಚುತ್ತಿದ್ದನೇನೋ. ನನ್ನ ಪ್ರಕಾರ ಅವತ್ತಿನ ಒಳ್ಳೆಯ ತಪ್ಪು ಅದೇ.

ಬ್ರೆಕ್ಟ್ ಕೇಳಿದ್ದು ದೊಡ್ಡದೇನಲ್ಲ. ನಾಟಕ ನೋಡುವವರು ಪಾತ್ರದ ಜೊತೆ ಅತ್ತು, ಹಗುರಾಗಿ, ಮನೆಗೆ ಹೋಗಿ ಮಲಗಬಾರದು. ‘ಇದು ಹೀಗೇ ಆಗಬೇಕಿತ್ತಾ?’ ಅಂತ ಕೂತಲ್ಲೇ ಕೇಳಿಕೊಳ್ಳಬೇಕು. ಅದಕ್ಕೇ ದೀಪಗಳು ಕಾಣುವ ಹಾಗೆ ಇರಲಿ, ಮುಂದೆ ಏನಾಗುತ್ತದೆ ಅಂತ ಮೊದಲೇ ಬರೆದು ತೋರಿಸಿ ಎಂದ. ಜನ ಕೇಳಿದರೆ ತಾನೇ? 1941ರಲ್ಲಿ ಜ್ಯೂರಿಕ್‌ನಲ್ಲಿ ಅವನ ‘ಮದರ್ ಕರೇಜ್’ ನಾಟಕ ಆಡಿದಾಗ, ಯುದ್ಧದಲ್ಲೇ ವ್ಯಾಪಾರ ಮಾಡಿ ಮಕ್ಕಳನ್ನು ಕಳೆದುಕೊಳ್ಳುವ ಆ ಹೆಂಗಸನ್ನು ಅಯ್ಯೋ ಪಾಪದ ತಾಯಿ ಎಂದು ಕೊಂಡಾಡಿದರು. ಬ್ರೆಕ್ಟ್‌ಗೆ ತಲೆಬಿಸಿ. ಅವಳು ಇನ್ನಷ್ಟು ವ್ಯಾಪಾರಸ್ಥೆಯಾಗಿ ಕಾಣಲಿ ಅಂತ ಕೆಲವು ದೃಶ್ಯ ತಿದ್ದಿ, 1949ರಲ್ಲಿ ಬರ್ಲಿನ್‌ನಲ್ಲಿ ಆಡಿಸಿದ. ಅಲ್ಲೂ ಅತ್ತರು. ನಮ್ಮ ಫಾರಂ ಇದ್ದಿದ್ದರೆ ಏಳನೇ ಕಾಲಂನಲ್ಲಿ ಅವನಿಗೆ ಹತ್ತಕ್ಕೆ ಹತ್ತು.

ಎರಡನೇ ತಂಡದಲ್ಲಿ ಕರಾವಳಿ ಕಡೆಯ ಒಬ್ಬ ಹುಡುಗಿ ಇದ್ದಳು. ಇಬ್ಬರು ಅಡ್ಡಕ್ಕೆ ಒಂದು ಬಟ್ಟೆ ಹಿಡಿದರು. ಹಿಂದಿನಿಂದ ಮೊದಲು ಅವಳ ಕಾಲು ಕಂಡಿತು, ಆಮೇಲೆ ತಲೆ. ಪಕ್ಕದಲ್ಲೇ ಎಲ್ಲರಿಗೂ ಕಾಣುವ ಹಾಗೆ ಕೂತಿದ್ದ ಹಾಡುವವನು "ತಾವು ಯಾರು?" ಎಂದು ಕೇಳಿದ. ಅವಳು ತಾನು ಯಾರು, ಯಾಕೆ ಬಂದೆ, ಎಲ್ಲ ಹೇಳಿದಳು. ನಮ್ಮಲ್ಲಿ ಮೂರನೆಯವರಾದ, ನಗರದಿಂದ ಬಂದಿದ್ದ ರಂಗತಜ್ಞರಿಗೆ ರೋಮಾಂಚನವಾಯಿತು. ಜರ್ಮನ್ ತಂತ್ರವನ್ನು ಅದ್ಭುತವಾಗಿ ಅರಗಿಸಿಕೊಂಡಿದ್ದಾಳೆ ಎಂದು ಷರಾ ಬರೆದರು. ನಾಟಕ ಮುಗಿದ ಮೇಲೆ ಕರೆದು ಬೆನ್ನು ತಟ್ಟಿದಾಗ ಅವಳು, "ನಮ್ಮ ಅಜ್ಜ ಮೇಳದಲ್ಲಿ ಹೀಗೇ ಮಾಡೋದು ಸಾರ್" ಎಂದಳು.

"ಹೌದಾ? ಅವರು ಬ್ರೆಕ್ಟ್‌ನನ್ನ ಎಲ್ಲಿ ಓದಿದ್ದು?"

ಆ ಬ್ರೆಕ್ಟೇ 1935ರಲ್ಲಿ ಮಾಸ್ಕೋದಲ್ಲಿ ಚೀನಾದ ನಟ ಮೇ ಲಾನ್‌ಫಾಂಗ್‌ನ ಅಭಿನಯ ನೋಡಿ ಬೆರಗಾಗಿ, ಅದರ ಮೇಲೆ ಲೇಖನವನ್ನೇ ಬರೆದಿದ್ದ. ಪೂರ್ವದಲ್ಲೇ ಇದ್ದದ್ದನ್ನು ನಾವು ಪಶ್ಚಿಮದ ರಸೀದಿ ಇಲ್ಲದೆ ಒಪ್ಪುವುದಿಲ್ಲ. ಇರಲಿ.

ಮೂರನೇ ತಂಡ ಹಾಸ್ಟೆಲ್ ಹುಡುಗರದ್ದು. ಸೆಟ್ ಅಂದರೆ ಒಂದು ನೀಲಿ ಬಕೆಟ್, ಹಿಡಿ ಮುರಿದು ವೈರ್ ಕಟ್ಟಿದ್ದು. ಒಂದು ಪ್ಲಾಸ್ಟಿಕ್ ನಲ್ಲಿಯನ್ನು ಒಬ್ಬ ಹುಡುಗ ಕೈಯಲ್ಲೇ ಎತ್ತಿ ಹಿಡಿದಿದ್ದ. ಅವನೇ ಗೋಡೆ. ಇನ್ನೊಬ್ಬ ಕುಳ್ಳ ಹುಡುಗ ರಟ್ಟಿನ ಬೋರ್ಡ್ ಹಿಡಿದು ಬಂದ. ಅದರ ಮೇಲೆ ಹೀಗಿತ್ತು: ‘ಮುಂದಿನ ದೃಶ್ಯ: ನೀರು ಬರುತ್ತದೆ ಎನ್ನುತ್ತಾರೆ. ಬರುವುದಿಲ್ಲ.’

ಅಷ್ಟರಲ್ಲಿ ನಿರೂಪಕಿ ಮೈಕ್ ಹಿಡಿದು ವೇದಿಕೆ ಹತ್ತಿದಳು. ಮುಖ್ಯ ಅತಿಥಿಗಳಿಗೆ ತುರ್ತು ಕಾರ್ಯಕ್ರಮ ಇರುವುದರಿಂದ ಅವರ ಸನ್ಮಾನವನ್ನು ಈಗಲೇ ನೆರವೇರಿಸಲಾಗುವುದು ಎಂದಳು. ಶಾಲು ಬಂತು. ಮೈಸೂರು ಪೇಟ ಬಂತು. ಹಣ್ಣಿನ ಬುಟ್ಟಿ, ಅದರ ಹಿಂದೆ ಫೋಟೊ ತೆಗೆಯುವವನು. ಯಾರೂ ಹೇಳದ್ದರಿಂದ ಹುಡುಗರು ನಿಂತಲ್ಲೇ ನಿಂತರು. ನಲ್ಲಿ ಹಿಡಿದವನು ಕೈ ಇಳಿಸಲಿಲ್ಲ.

ಅತಿಥಿಗಳು 22 ನಿಮಿಷ ಮಾತಾಡಿದರು. ಯುವಜನತೆ ಮತ್ತು ಮೊಬೈಲ್ ಬಗ್ಗೆ ಹದಿನೈದು ನಿಮಿಷ. ಆಮೇಲೆ ಬಕೆಟ್ ಕಣ್ಣಿಗೆ ಬಿತ್ತು. "ಏನಪ್ಪಾ, ಹಾಸ್ಟೆಲ್‌ನಲ್ಲಿ ನೀರಿಲ್ವಾ? ಈ ವೇದಿಕೆ ಮೇಲಿಂದಾನೇ ಹೇಳ್ತಾ ಇದ್ದೀನಿ, ಒಂದು ಬೋರ್‌ವೆಲ್ ಕೊರೆಸಿಕೊಡ್ತೀನಿ. ನೀರು ಬಂದೇ ಬರತ್ತೆ!" ಎಂದರು. ಅವರ ಬೆನ್ನ ಹಿಂದೆ, ಪೇಟದ ಸ್ವಲ್ಪ ಮೇಲೆ, ಕುಳ್ಳ ಹುಡುಗ ಆ ಬೋರ್ಡನ್ನು ಎದೆಗೆ ಹಿಡಿದುಕೊಂಡು ಒಂದು ಸ್ಟೂಲಿನ ಮೇಲೆ ನಿಂತಿದ್ದ.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ತಮಗೇ ಎಂದುಕೊಂಡು ಅತಿಥಿಗಳು ಕೈ ಮುಗಿದರು. ನಗು ನಿಲ್ಲುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, "ಯಾವ ತಿಂಗಳು ಸಾರ್?" ಎಂದು ಕೇಳಿದಳು. ಇನ್ನೊಬ್ಬ ಹೋದ ಸಲದ ಬೋರ್‌ವೆಲ್ ಏನಾಯಿತು ಎಂದ. ಮತ್ತೊಬ್ಬಳಿಗೆ ಹಾಸ್ಟೆಲ್ ಫೀಸಿನಲ್ಲಿ ನೀರಿನ ದುಡ್ಡು ಎಷ್ಟು ಅಂತ ಬೇಕಿತ್ತು. ಪ್ರಿನ್ಸಿಪಾಲರು ಎದ್ದು ನಿಂತರು. ನಿರೂಪಕಿ, "ಪ್ರೇಕ್ಷಕರು ದಯವಿಟ್ಟು ಶಾಂತ ರೀತಿಯಿಂದ ಸಹಕರಿಸಬೇಕು" ಎಂದಳು.

ನಾನು ಮೂರನೇ ಕಾಲಂನಲ್ಲಿ ಹತ್ತು ಹಾಕಿದೆ. ಹನ್ನೊಂದು ಹಾಕುವ ಅವಕಾಶ ಇರಲಿಲ್ಲ.

ಲೆಕ್ಕ ಕೂಡುವಾಗ ಸಂಚಾಲಕರು ಬಂದರು. ಈ ತಂಡ ಮೂವತ್ತು ನಿಮಿಷದ ನಾಟಕಕ್ಕೆ ಐವತ್ತೆರಡು ನಿಮಿಷ ತಗೊಂಡಿದೆ, ಸಮಯಪಾಲನೆಯಲ್ಲಿ ಸೊನ್ನೆ ಎಂದರು. ಮಧ್ಯದ 22 ನಿಮಿಷ ಅತಿಥಿಗಳದ್ದಲ್ವಾ ಎಂದೆ. ಟೈಂ ಕೀಪರ್ ಗಡಿಯಾರ ನಿಲ್ಲಿಸಿಲ್ಲ ಸಾರ್ ಎಂದರು. ಶಿಸ್ತಿಗೂ ಸೊನ್ನೆ, ಏಕೆಂದರೆ ಪ್ರೇಕ್ಷಕರು ಮಾತಾಡಿದರು.

ನನಗೂ ರೇಗಿತು. 1930ರಲ್ಲಿ ಬ್ರೆಕ್ಟ್ ‘ಹೌದು ಎನ್ನುವವನು’ ಅಂತ ಒಂದು ನಾಟಕ ಬರೆದ, ಅದರಲ್ಲಿ ಕಾಯಿಲೆ ಬಿದ್ದ ಹುಡುಗ ಹಳೇ ಪದ್ಧತಿಯಂತೆ ಸಾಯಲು ಒಪ್ಪುತ್ತಾನೆ, ಬರ್ಲಿನ್‌ನ ಒಂದು ಸ್ಕೂಲಿನ ಮಕ್ಕಳು ಅವನು ಯಾಕೆ ಒಪ್ಪಬೇಕು ಎಂದು ತಕರಾರು ತೆಗೆದರು, ಬ್ರೆಕ್ಟ್ ಅವರ ಮಾತು ಕೇಳಿ ನಾಟಕ ತಿದ್ದಿದ್ದಲ್ಲದೆ ‘ಇಲ್ಲ ಎನ್ನುವವನು’ ಅಂತ ಇನ್ನೊಂದನ್ನೂ ಬರೆದ ಎಂದು ಒಂದೇ ಉಸಿರಿಗೆ ಹೇಳಿದೆ. ಅಲ್ಲಿ ಅಂಕ ಹಾಕಿದ್ದು ಮಕ್ಕಳು, ತಿದ್ದಿಕೊಂಡದ್ದು ನಾಟಕಕಾರ!

ಸಂಚಾಲಕರು ತಾಳ್ಮೆಯಿಂದ ಕೇಳಿದರು. "ಅದು ಜರ್ಮನಿ ಸಾರ್. ನಮ್ ಫಾರಂನಲ್ಲಿ ಆ ಕಾಲಂ ಇಲ್ವಲ್ಲ."

ಗೆದ್ದದ್ದು ನಾಲ್ಕನೇ ತಂಡ. ವಿಧವೆ ತಾಯಿ ಹೊಲಿಗೆ ಮಿಷನ್ ತುಳಿದು ಮಗನನ್ನು ಓದಿಸುತ್ತಾಳೆ. ಮಗ ಅಮೆರಿಕಕ್ಕೆ ಹೋಗುತ್ತಾನೆ. ತಾಯಿ ಸಾಯುತ್ತಾಳೆ. ಹಿಂದಿನಿಂದ ಪಿಟೀಲು. ಪ್ರಿನ್ಸಿಪಾಲರು ಅತ್ತರು, ಕಾಮರ್ಸ್ ಮೇಷ್ಟ್ರೂ ಅತ್ತರು, ಸುಳ್ಳು ಯಾಕೆ, ನನಗೂ ಗಂಟಲು ಕಟ್ಟಿತು. ಆದರೆ ಏಲಿಯನೇಷನ್‌ಗೆ ಒಂಬತ್ತು ಹೇಗೆ ಬಂತು ಎಂದು ರಂಗತಜ್ಞರನ್ನು ಕೇಳಿದೆ. "ಮಗ ತಾಯಿಯಿಂದ ದೂರ ಆಗ್ತಾನಲ್ಲ" ಎಂದರು.

ಹೊರಡುವಾಗ ಇನ್ನೊಂದು ತಾಪತ್ರಯ. ಪ್ರೇಕ್ಷಕರಲ್ಲಿ ಚಿಂತನಶಕ್ತಿ ಬೆಳೆದದ್ದಕ್ಕೆ ಜಿಯೋಟ್ಯಾಗ್, ಅಂದರೆ ತೆಗೆದ ಜಾಗದ ಗುರುತು, ಇರುವ ಫೋಟೊ ಫೈಲಿಗೆ ಬೇಕಂತೆ. ತೆಗೆದದ್ದರಲ್ಲೆಲ್ಲ ಜನ ನಗುತ್ತಿದ್ದಾರೆ, ಇಲ್ಲವೇ ಎದ್ದು ನಿಂತಿದ್ದಾರೆ. ಹಾಗಾಗಿ ಉಳಿದವರನ್ನು ಹಿಡಿದು ಮುಂದಿನ ಎರಡು ಸಾಲಿನಲ್ಲಿ ಕೂರಿಸಿದರು. "ಎಲ್ರೂ ಗಲ್ಲದ ಮೇಲೆ ಕೈ ಇಟ್ಕೊಳ್ಳಿ. ಯೋಚನೆ ಮಾಡೋ ಥರ. ಮಾತಾಡ್ಬೇಡಿ" ಎಂದು ಸಂಚಾಲಕರು ಕೂಗುತ್ತಿದ್ದರು.

ಗೋಡೆಯಾಗಿದ್ದ ಹುಡುಗ ಅಲ್ಲಿರಲಿಲ್ಲ. ಸಭಾಂಗಣದ ಹಿಂದಿನ ನಲ್ಲಿಯಲ್ಲಿ ನೀಲಿ ಬಕೆಟ್ ತುಂಬಿಸುತ್ತಿದ್ದ, ಹಾಸ್ಟೆಲಿಗೆ ಒಯ್ಯಲು.