ತೀರಿಕೊಂಡ ಲೇಖಕರ ಕಾಗದಗಳನ್ನು ಅಚ್ಚು ಹಾಕಿಸಬಹುದೇ?

ಪರ

ಇದರ ಪರವಾಗಿ ಬರೆದುಕೊಡಿ ಎಂದು ಕೇಳಿದಾಗ ಒಪ್ಪಿಕೊಳ್ಳಲು ಎರಡು ದಿನ ತೆಗೆದುಕೊಂಡೆ. ಇನ್ನೊಬ್ಬರ ಹೆಸರಿಗೆ ಬಂದ ಲಕೋಟೆ ಒಡೆಯುವುದು ನನಗೂ ಸರಿಬರುವ ಕೆಲಸವಲ್ಲ. ಆದರೆ ಅಮೆರಿಕದ ಕವಿ ಎಮಿಲಿ ಡಿಕಿನ್ಸನ್‌ಳ ವಿಷಯ ಬಂದಾಗ ಪರವಾಗಿ ನಿಲ್ಲಲೇಬೇಕು ಅನ್ನಿಸುತ್ತದೆ.

1862ರ ಏಪ್ರಿಲ್‌ನ 'ಅಟ್ಲಾಂಟಿಕ್ ಮಂತ್ಲಿ' ಮಾಸಪತ್ರಿಕೆಯಲ್ಲಿ ಲೇಖಕ ಥಾಮಸ್ ವೆಂಟ್‌ವರ್ತ್ ಹಿಗ್ಗಿನ್‌ಸನ್ ಹೊಸ ಬರಹಗಾರರಿಗೆ ಬುದ್ಧಿಮಾತು ಹೇಳುವ ಲೇಖನ ಬರೆದ. ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್‌ನಲ್ಲಿದ್ದ 31ರ ಎಮಿಲಿ ಅದೇ ತಿಂಗಳ 15ರಂದು ಅವನಿಗೆ ಕಾಗದ ಬರೆದು, ಜೊತೆಗೆ ನಾಲ್ಕು ಕವಿತೆ ಇಟ್ಟಳು. ನನ್ನ ಪದ್ಯಕ್ಕೆ ಜೀವವಿದೆಯೇ, ಹೇಳಲು ನಿಮಗೆ ಪುರುಸೊತ್ತಿದೆಯೇ ಎಂದು ಕೇಳಿದಳು. ಕೆಳಗೆ ಸಹಿ ಇರಲಿಲ್ಲ. ಹೆಸರು ಬರೆದ ಕಾರ್ಡು ಇನ್ನೊಂದು ಪುಟ್ಟ ಲಕೋಟೆಯೊಳಗಿತ್ತು. ಅವನ ಉತ್ತರಗಳು ಬಹುಪಾಲು ಸಿಕ್ಕಿಲ್ಲ. ಅವನೇನು ಹೇಳಿದ ಎಂಬುದನ್ನು ಇವಳ ಮರುತ್ತರದಿಂದಲೇ ತಿಳಿಯಬೇಕು. ಕವಿತೆಗಳಿಗೆ ಮಾಡಿದ ಶಸ್ತ್ರಚಿಕಿತ್ಸೆಗೆ ವಂದನೆ, ಅಂದುಕೊಂಡಷ್ಟು ನೋವಾಗಲಿಲ್ಲ ಎಂದು ಬರೆದಳು. ನನ್ನ ಪದ್ಯದ ನಡಿಗೆ ನಿಮಗೆ ಸೆಳವು ಬಂದವರ ನಡಿಗೆಯಂತೆ ಕಾಣುತ್ತದೆ ಅಲ್ಲವೇ ಎಂದಳು. ಪ್ರಕಟಿಸಲು ಅವಸರ ಬೇಡ ಎಂದು ಅವನು ಹೇಳಿದ್ದಕ್ಕೆ, ಮೀನಿನ ರೆಕ್ಕೆಗೆ ಆಕಾಶ ಎಷ್ಟು ದೂರವೋ ನನಗೆ ಆ ಯೋಚನೆ ಅಷ್ಟು ದೂರ ಎಂದು ನಕ್ಕಳು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1866ರ ಒಂದು ಕಾಗದ. ಹಾವಿನ ಮೇಲಿನ ಅವಳ ಕವಿತೆಯನ್ನು 'ಸ್ಪ್ರಿಂಗ್‌ಫೀಲ್ಡ್ ರಿಪಬ್ಲಿಕನ್' ಪತ್ರಿಕೆ ಆ ವರ್ಷದ ಫೆಬ್ರವರಿಯಲ್ಲಿ ಹೆಸರಿಲ್ಲದೆ ಅಚ್ಚು ಹಾಕಿತು. ಮೂರನೆಯ ಸಾಲಿನ ಕೊನೆಯಲ್ಲಿ ಅವಳು ಇಡದಿದ್ದ ವಿರಾಮ ಚಿಹ್ನೆ ಬಂದು ಕುಳಿತಿತ್ತು. ಕವಿತೆಯನ್ನು ನನ್ನಿಂದ ಕದ್ದರು, ಆ ಚಿಹ್ನೆಯಿಂದ ಮೂರನೆಯ ಸಾಲೇ ಸೋತುಹೋಯಿತು, ಮೂರು ನಾಲ್ಕು ಎರಡೂ ಸೇರಿ ಒಂದೇ ಆಗಿದ್ದವು ಎಂದು ಹಿಗ್ಗಿನ್‌ಸನ್‌ಗೆ ದೂರಿದಳು. ಅವಳು ತೀರಿಕೊಂಡ ಮೇಲೆ, 1890ರಲ್ಲಿ, ಇದೇ ಹಿಗ್ಗಿನ್‌ಸನ್ ಮತ್ತು ಮೇಬಲ್ ಲೂಮಿಸ್ ಟಾಡ್ ಕೂಡಿ ಅವಳ ಕವಿತೆಗಳಿಗೆ ಶೀರ್ಷಿಕೆ ಅಂಟಿಸಿ, ಪ್ರಾಸ ತಿದ್ದಿ, ಅವಳು ಸಾಲುಗಳಲ್ಲಿ ಹಾಕಿದ್ದ ಅಡ್ಡಗೆರೆ (ಡ್ಯಾಶ್) ಅಳಿಸಿ ಪ್ರಕಟಿಸಿದರು. ಹಸ್ತಪ್ರತಿಯಲ್ಲಿದ್ದ ಹಾಗೆಯೇ ಅವು ಒಟ್ಟಾಗಿ ಅಚ್ಚಾಗಲು 1955ರ ಥಾಮಸ್ ಜಾನ್ಸನ್ ಸಂಪುಟಗಳವರೆಗೆ ಕಾಯಬೇಕಾಯಿತು. ಆ ಅಡ್ಡಗೆರೆಗಳು ಮನೆಯಿಂದ ಹೊರಬಾರದ ಹೆಂಗಸಿನ ಅಜಾಗರೂಕತೆಯಲ್ಲ ಎಂದು ನಾವು ನಂಬುವುದಕ್ಕೆ ಅವಳ ಬಾಯಿಮಾತಿನ ಸಾಕ್ಷಿ ಬೇಕಲ್ಲ, ಅದು ಇರುವುದು ಈ ಕಾಗದದಲ್ಲಿ. ಸಂಪಾದಕ ತಿದ್ದಿದ್ದಕ್ಕೆ ಕವಿಯ ಆಕ್ಷೇಪ ಕವಿತೆಯೊಳಗೆ ಸಿಗುವುದಿಲ್ಲ, ಕಾಗದದಲ್ಲೇ ಸಿಗುತ್ತದೆ.

ಕಾಗದವನ್ನೇ ತಿದ್ದಿದ ಉದಾಹರಣೆಯೂ ಇದೆ. ಅಮೆರಿಕದ ಕವಿ, ಕಥೆಗಾರ ಎಡ್ಗರ್ ಆಲನ್ ಪೋ 1849ರಲ್ಲಿ ತೀರಿಕೊಂಡ ಮೇಲೆ ಅವನ ಬರಹಗಳ ಸಂಪಾದಕ ರೂಫಸ್ ಗ್ರಿಸ್‌ವೋಲ್ಡ್ ಅವನ ಕಾಗದಗಳೊಳಗೆ ತನ್ನನ್ನೇ ಹೊಗಳುವ ಸಾಲುಗಳನ್ನು ಸೇರಿಸಿ 1850ರಲ್ಲಿ ಪ್ರಕಟಿಸಿದ. ಆ ಮೋಸ ಬಯಲಾದದ್ದು ಹೇಗೆ? 1941ರಲ್ಲಿ ಪೋನ ಜೀವನಚರಿತ್ರೆ ಬರೆದ ಆರ್ಥರ್ ಹಾಬ್ಸನ್ ಕ್ವಿನ್ ಮೂಲ ಕಾಗದವನ್ನೂ ತಿದ್ದಿದ ಪಾಠವನ್ನೂ ಅಕ್ಕಪಕ್ಕದಲ್ಲಿ ಅಚ್ಚು ಹಾಕಿಸಿದ್ದರಿಂದ.

ಖಾಸಗಿತನದ ಪ್ರಶ್ನೆ ಉಳಿಯುತ್ತದೆ. ಸತ್ತವರಿಗೆ ಸಂಕೋಚದ ಹಂಗಿಲ್ಲ ಎಂದಷ್ಟೇ ಹೇಳಬಲ್ಲೆ. ಮನೆಮಂದಿಯ ಜಗಳ, ಕಾಯಿಲೆ ಇಂಥವನ್ನು ಬೇಕಿದ್ದರೆ ಕೈಬಿಡಲಿ. ಸಂಪಾದಕರ ಜೊತೆಗಿನ ಕಾಗದಗಳನ್ನಂತೂ ಬಿಡಬಾರದು.

ವಿರೋಧ

ನನ್ನ ಅಮ್ಮ ಹೋದ ಮೇಲೆ ವೈಕುಂಠ ಸಮಾರಾಧನೆಯ ಮಧ್ಯಾಹ್ನ ಊಟ ಮುಗಿದು ಎಲ್ಲರೂ ನಡುಮನೆಯಲ್ಲಿ ಕೂತಿದ್ದೆವು. ಸಂಬಂಧಿಕರೊಬ್ಬರು ಅಟ್ಟದಿಂದ ಅಮ್ಮನ ಟ್ರಂಕು ಇಳಿಸಿದರು. ಒಳಗೆ ನಾನು ಬರೆದಿದ್ದ ಇನ್‌ಲ್ಯಾಂಡ್ ಲೆಟರ್‌ಗಳು ಕಟ್ಟುಕಟ್ಟಾಗಿ ಇದ್ದವು. 'ನಮ್ಮ ಹುಡುಗಿ ಎಷ್ಟು ಚೆನ್ನಾಗಿ ಬರೀತಿದ್ದಳು ನೋಡಿ' ಎನ್ನುತ್ತ ಅವರು ಒಂದನ್ನು ಬಿಡಿಸಿ ಗಟ್ಟಿಯಾಗಿ ಓದಲು ಶುರುಮಾಡಿದರು. ಪ್ರೀತಿಯಿಂದಲೇ ಓದಿದರು, ಅದರಲ್ಲಿ ಅನುಮಾನವಿಲ್ಲ. ಅದು ನಾನು ಮದುವೆಯಾದ ಮೊದಲ ವರ್ಷ ಬರೆದದ್ದು. ಅತ್ತೆಯ ಬಗ್ಗೆ ಬರೆದಿದ್ದೆ. ಎರಡನೆಯ ಸಾಲಿಗೇ ನನಗೆ ನೆನಪಾಯಿತು, ಎದ್ದು ಕಿತ್ತುಕೊಳ್ಳುವಷ್ಟರಲ್ಲಿ ಐದಾರು ಸಾಲು ಆಗಿಹೋಗಿತ್ತು. ಅತ್ತೆ ಅಲ್ಲೇ ಕಂಬಕ್ಕೊರಗಿ ಕೂತಿದ್ದರು. ಎರಡು ಬಾಣಂತನದಲ್ಲಿ ನನ್ನನ್ನು ಎರೆದು ಸಾಕಿದವರು ಅವರು. ಏನೂ ಹೇಳಲಿಲ್ಲ. ಎದ್ದು ಒಳಗೆ ಹೋಗಿ ನೀರು ಕುಡಿದು ಬಂದು ಅದೇ ಜಾಗದಲ್ಲಿ ಕೂತರು. ಆಮೇಲೆ ಒಂಬತ್ತು ವರ್ಷ ಬದುಕಿದ್ದರು. ಆ ಒಂಬತ್ತು ವರ್ಷವೂ ಅಡುಗೆಗೆ ಉಪ್ಪು ಹಾಕುವ ಮುಂಚೆ 'ನಿನಗೆ ಸರಿಯೇನಮ್ಮ' ಎಂದು ನನ್ನನ್ನು ಕೇಳುತ್ತಿದ್ದರು.

ಆ ಕಾಗದದಲ್ಲಿ ಸುಳ್ಳು ಇರಲಿಲ್ಲ. ಬರೆದ ದಿನ ನನಗೆ ಹಾಗೇ ಅನ್ನಿಸಿತ್ತು. ಅಮ್ಮ ಓದಿ, ಸಮಾಧಾನ ಹೇಳಿ, ಅಲ್ಲಿಗೆ ಮುಗಿಯಬೇಕಾದ ಮಾತು ಅದು. ಲೇಖಕರ ಪತ್ರಗಳ ದಪ್ಪ ಸಂಪುಟ ಕಂಡಾಗಲೆಲ್ಲ ನನಗೆ ಆ ಕಂಬ ನೆನಪಾಗುತ್ತದೆ.

ಪತ್ರ ಪ್ರಕಟಣೆಯ ಪರ ಮಾತಾಡುವವರಿಗೆ ಸಾಹಿತ್ಯದ ಹೆಸರಿನಲ್ಲಿ ಯಾರ ಬೀರುವನ್ನಾದರೂ ತೆರೆಯುವ ಹಕ್ಕು ಬೇಕು. ನನ್ನ ಪ್ರಶ್ನೆ ಒಂದೇ. ಬರೆದವರನ್ನು ಕೇಳಿದಿರಾ? ಬದುಕಿದ್ದವರನ್ನೇ ಕೇಳದ ಜನ ಸತ್ತವರನ್ನು ಕೇಳುತ್ತಾರೆಯೇ? 1855ರ ಜುಲೈ 21ರಂದು ಅಮೆರಿಕದ ಚಿಂತಕ ಎಮರ್ಸನ್, ವಾಲ್ಟ್ ವಿಟ್‌ಮನ್‌ನ ಹೊಸ ಪುಸ್ತಕ ಓದಿ ಮನಸಾರೆ ಹೊಗಳಿ ಕಾಗದ ಬರೆದ. ವಿಟ್‌ಮನ್ ಅದನ್ನು ಅಕ್ಟೋಬರ್‌ನಲ್ಲಿ 'ನ್ಯೂಯಾರ್ಕ್ ಟ್ರಿಬ್ಯೂನ್'ನಲ್ಲಿ ಹಾಕಿಸಿದ. ಸಾಲದೆಂದು 1856ರ ಮುದ್ರಣದಲ್ಲಿ ಅದರ ಒಂದು ವಾಕ್ಯವನ್ನು ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಅಕ್ಷರದಲ್ಲಿ ಒತ್ತಿಸಿದ. ಎಮರ್ಸನ್‌ನ ಅನುಮತಿ ಕೇಳಿರಲಿಲ್ಲ. ವಿಟ್‌ಮನ್ ನನಗೆ ತುಂಬ ಇಷ್ಟದ ಕವಿ, ಆದರೂ ಈ ಕೆಲಸ ನನಗೆ ನುಂಗಲಾಗುವುದಿಲ್ಲ. ಅಮೆರಿಕದ ಕಾನೂನು ಆಗಲೇ ಸ್ಪಷ್ಟವಾಗಿತ್ತು. ಜಾರ್ಜ್ ವಾಷಿಂಗ್ಟನ್‌ನ ಪತ್ರಗಳ ಬಗ್ಗೆ 1841ರಲ್ಲಿ ಬಂದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಜೋಸೆಫ್ ಸ್ಟೋರಿ, ಕಾಗದದೊಳಗಿನ ಬರಹದ ಹಕ್ಕು ಬರೆದವನದು, ಅವನ ನಂತರ ಅವನ ವಾರಸುದಾರರದು ಎಂದಿದ್ದರು. ಕೈಗೆ ಬಂದ ಹಾಳೆ ಮಾತ್ರ ನಿಮ್ಮದು.

ಎಮಿಲಿ ಡಿಕಿನ್ಸನ್‌ಳ ಹೆಸರನ್ನು ಪರ ವಹಿಸುವವರು ತಪ್ಪದೆ ಎತ್ತುತ್ತಾರೆ. ಅವಳೇನು ಬಯಸಿದ್ದಳು? 1886ರಲ್ಲಿ ಅವಳು ಹೋದ ಮೇಲೆ ತಂಗಿ ಲವೀನಿಯಾ, ಅಕ್ಕ ಹೇಳಿದ್ದ ಪ್ರಕಾರ, ಅವಳಿಗೆ ಬಂದಿದ್ದ ಕಾಗದಗಳನ್ನು ಸುಟ್ಟಳು. ಬಂದ ಕಾಗದಗಳನ್ನೇ ಸುಡಲು ಹೇಳಿದವಳು ತಾನು ಬರೆದದ್ದು ಅಂಗಡಿಯಲ್ಲಿ ಮಾರಾಟವಾಗಲಿ ಎಂದುಕೊಂಡಿದ್ದಳೇ? 1891ರಲ್ಲೇ ಹಿಗ್ಗಿನ್‌ಸನ್ ತನಗೆ ಬಂದವನ್ನು 'ಅಟ್ಲಾಂಟಿಕ್'ನಲ್ಲಿ ಅಚ್ಚು ಹಾಕಿಸಿದ. 1894ರಲ್ಲಿ ಟಾಡ್ ಎರಡು ಸಂಪುಟ ತಂದಳು. ಈ ಟಾಡ್, ಎಮಿಲಿಯ ಅಣ್ಣ ಆಸ್ಟಿನ್‌ನ ಪ್ರೇಯಸಿ. ಅವನ ಹೆಂಡತಿ ಸೂಸನ್, ಎಮಿಲಿಯ ಜೀವದ ಗೆಳತಿ. ಕೆಲವು ಕಾಗದಗಳಲ್ಲಿ ಸೂಸನ್ ಬಗೆಗಿನ ಸಾಲುಗಳನ್ನು ಅಳಿಸಿದ, ಕತ್ತರಿಸಿದ ಗುರುತು ಇವತ್ತಿಗೂ ಇದೆ. ಇದೇನಾ ಸಾಹಿತ್ಯ ಸೇವೆ?

ಇನ್ನು 'ಮಾಸ್ಟರ್' ಎಂದು ಯಾರನ್ನೋ ಕರೆದು ಬರೆದ ಮೂರು ಕಾಗದಗಳು. ಅವಳ ಹಾಳೆಗಳ ನಡುವೆ ಸಿಕ್ಕ ಕರಡುಗಳು ಅವು, ಹೊಡೆದು ತಿದ್ದಿದ ಸಾಲುಗಳಿಂದ ತುಂಬಿವೆ, ಕಳಿಸಿದ್ದಕ್ಕೆ ಪುರಾವೆಯೂ ಇಲ್ಲ. ಅಂಚೆಗೇ ಹಾಕದೆ ಇಟ್ಟುಕೊಂಡಿದ್ದನ್ನು ಲೋಕವೆಲ್ಲ ಓದಿ, ಆ ಗಂಡಸು ಯಾರು ಎಂದು ದಶಕಗಳಿಂದ ಹುಡುಕುತ್ತಿದೆ. ಒಂದು ಹೆಣ್ಣಿನ ಮೇಲೆ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋಚುವುದಿಲ್ಲ. ಕವಿತೆ ಬೇಕಿದ್ದರೆ ಸುಮಾರು 1,800 ಇವೆ, ಓದಲಿ.

ಅಮೆರಿಕದ ಕಾದಂಬರಿಕಾರ ಹಾಥಾರ್ನ್ ಇದನ್ನು ಮೊದಲೇ ಅರಿತಿದ್ದ. 1853ರ ಜೂನ್‌ನಲ್ಲಿ, ಲಿವರ್‌ಪೂಲ್‌ಗೆ ಕಾನ್ಸಲ್ ಆಗಿ ಹೊರಡುವ ಮುಂಚೆ, ಹಳೆಯ ಕಾಗದಗಳ ರಾಶಿಯನ್ನೇ ಸುಟ್ಟ. ಮದುವೆಗೆ ಮುಂಚೆ ಹೆಂಡತಿ ಸೋಫಿಯಾ ಬರೆದ ನೂರಾರು ಕಾಗದಗಳೂ ಅದರಲ್ಲಿದ್ದವು. ಅಂಥವು ಲೋಕದಲ್ಲಿ ಬೇರೆ ಇಲ್ಲ ಎಂದು ತಾನೇ ದಿನಚರಿಯಲ್ಲಿ ಬರೆದುಕೊಂಡ. ಇಲ್ಲ ಎಂದು ಗೊತ್ತಿದ್ದೇ ಸುಟ್ಟ.

ಆ ಸಮಾರಾಧನೆಯ ಸಂಜೆ ನಾನೂ ನನ್ನ ಇನ್‌ಲ್ಯಾಂಡ್‌ಗಳನ್ನು ಎಣಿಸದೆ ಬಚ್ಚಲ ಒಲೆಗೆ ಹಾಕಿದೆ. ಅಮ್ಮ ನನಗೆ ಬರೆದವು ಮಾತ್ರ ಬೀರುವಿನಲ್ಲಿವೆ. ನನ್ನ ನಂತರ ಅವನ್ನೂ ಸುಟ್ಟುಬಿಡು ಎಂದು ಮಗಳಿಗೆ ಹೇಳಿದ್ದೇನೆ. ಅವಳು ಇನ್ನೂ ಒಪ್ಪಿಲ್ಲ.