23 ಜನ, ಎರಡು ಬಚ್ಚಲು, ಒಂದು ತೊಟ್ಟಿ ಮನೆ

ಈ ಮೇ ತಿಂಗಳಲ್ಲಿ ನಮ್ಮ ಅಜ್ಜಿಗೆ 80 ತುಂಬಿತು. ಸೀರೆ ಬೇಡ, ಚಿನ್ನ ಬೇಡ. "ಎಲ್ಲರೂ ಒಂದೇ ಸೂರಿನ ಕೆಳಗೆ ಎರಡು ರಾತ್ರಿ ಮಲಗಬೇಕು, ಅಷ್ಟೇ" ಅಂದರು. ಮಕ್ಕಳು, ಸೊಸೆಯರು, ಅಳಿಯಂದಿರು, ಮೊಮ್ಮಕ್ಕಳು, ಮರಿಮಕ್ಕಳು ಸೇರಿ 23 ಜನ. ನಮ್ಮದೇ ಹಳೇ ಮನೆ ಪಾಲಾಗಿ, ಕೆಡವಿ, ಆರ್‌ಸಿಸಿ ಹಾಕಿ ಹದಿನೈದು ವರ್ಷವಾಯಿತು. ಅದರಲ್ಲಿ ಈಗ ಆರು ಜನ ಮಲಗಿದರೆ ಏಳನೆಯವರು ಸೋಫಾ ಮೇಲೆ. ಸ್ವಂತ ಹಳೇ ಮನೆ ಕೆಡವಿದವರು ಇನ್ನೊಬ್ಬರ ಹಳೇ ಮನೆಗೆ ದುಡ್ಡು ಕೊಟ್ಟು ಮಲಗೋಕೆ ಹೊರಟೆವು. ನಗು ಬಂದರೆ ನಕ್ಕುಬಿಡಿ, ನಾನೂ ನಕ್ಕಿದ್ದೇನೆ.

ಫ್ಯಾಮಿಲಿ ಗ್ರೂಪಿನಲ್ಲಿ ಒಂದು ವಾರ ಜಗಳ. ಅರ್ಧ ಜನಕ್ಕೆ ರೆಸಾರ್ಟ್ ಬೇಕಿತ್ತು. ರೆಸಾರ್ಟ್ ಅಂದರೆ ಹತ್ತು ರೂಮು, ಹತ್ತು ಬಾಗಿಲು, ಹತ್ತು ಟಿವಿ. ಊಟದ ಹೊತ್ತಿಗೆ ತಟ್ಟೆ ಹಿಡಿದು ಸಾಲಿನಲ್ಲಿ ಸಿಕ್ಕಾಗ "ಹಾಯ್". ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ಅಲ್ವಾ? ಕೊನೆಗೆ ತೀರ್ಥಹಳ್ಳಿ ಮತ್ತು ಕೊಪ್ಪದ ನಡುವೆ, ಅಡಿಕೆ ತೋಟದ ತಲೆಯ ಮೇಲಿರುವ ಒಂದು ತೊಟ್ಟಿ ಮನೆ ಸಿಕ್ಕಿತು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಮನೆ. ನೂರು ವರ್ಷ ದಾಟಿದ್ದು. ತಲೆಗೆ ಇಷ್ಟು ಅಂತ ಬಾಡಿಗೆ, ಊಟ ತಿಂಡಿ ಸೇರಿ. ಯಜಮಾನರು, ಅವರ ಹೆಂಡತಿ ಹಿಂದಿನ ಅಂಕಣದಲ್ಲೇ ಇರುತ್ತಾರೆ.

ಹೋಗಿ ಇಳಿದ ಐದೇ ನಿಮಿಷಕ್ಕೆ ದೊಡ್ಡಪ್ಪ ಬಾಗಿಲ ಮೇಲಿನ ಪಟ್ಟಿಗೆ ಹಣೆ ಬಡಿಸಿಕೊಂಡರು. "ಬಗ್ಗಿ ಬನ್ನಿ ಅಂತ ಮನೆಯೇ ಹೇಳ್ತಿದೆ" ಅಂದರು ಅಜ್ಜಿ. ಅವರೋ, ಹೊಸ್ತಿಲು ಕಂಡ ಕೂಡಲೇ ಕಾಲು ತಾನಾಗಿ ಎತ್ತಿಟ್ಟರು.

ಆ ಮನೆಯಲ್ಲಿ ನಮಗಾಗಿ ಯಾರೂ ಏನೂ ಏರ್ಪಾಡು ಮಾಡಬೇಕಾಗಲಿಲ್ಲ. ಜಗಲಿಯಲ್ಲಿ ಗಂಡಸರು ಇಸ್ಪೀಟು ಹಾಕಿದರು. ತೊಟ್ಟಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಚಿಕ್ಕಮ್ಮಂದಿರು ಹಲಸಿನ ತೊಳೆ ಬಿಡಿಸಿದರು. ಹುಡುಗರು ಅಟ್ಟ ಹತ್ತಿದರು. ಯಾರು ಎಲ್ಲೇ ಕೂತರೂ ನಡುವಿನ ತೊಟ್ಟಿ ದಾಟಿ ಇನ್ನೊಬ್ಬರ ಮುಖ ಕಾಣುತ್ತದೆ, ಮಾತು ಕೇಳುತ್ತದೆ. ಅಡುಗೆ ಮನೆಯಿಂದ ಯಾರೋ ಬೈದದ್ದಕ್ಕೆ ಜಗಲಿಯಿಂದ ಉತ್ತರ. ರಾತ್ರಿ ಉದ್ದಕ್ಕೆ ಹಾಸಿಗೆ ಹಾಸಿದರೆ ಹದಿಮೂರು ಜನ, ಮಕ್ಕಳು ದೊಡ್ಡವರು ಅಂತ ನೋಡದೆ, ಸಾಲಾಗಿ ಬಿದ್ದುಕೊಂಡರು. ಈ ಮನೆ ಕಟ್ಟಿದ್ದೇ ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಬದುಕಲಿಕ್ಕೆ. ಈಗ ಅಲ್ಲಿರುವುದು ಇಬ್ಬರೇ.

ಎರಡನೇ ಸಂಜೆ ಮಳೆ ಬಂತು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ, ಇದು ಬರೀ ಮುಂಗಾರಿಗೆ ಮುಂಚಿನ ಒಂದು ಸ್ಯಾಂಪಲ್. ನಾಲ್ಕೂ ಕಡೆಯ ಮಾಡಿನಿಂದ ನೀರು ತೊಟ್ಟಿಗೆ ಬಿತ್ತು. ಮೊದಲು ಎಳೆ ಎಳೆಯಾಗಿ, ಆಮೇಲೆ ಪರದೆಯ ಹಾಗೆ. ಒಳಗೆ ಮಳೆ, ಸುತ್ತ ನಾವು ಒಣಗಿಯೇ ಕೂತಿದ್ದೇವೆ. ಬೆಂಗಳೂರಿನಲ್ಲಿ ಹುಟ್ಟಿದ ಹುಡುಗಿಯೊಬ್ಬಳು "ಮನೆ ಸೋರ್ತಿದೆ!" ಅಂತ ಕಿರುಚಿದಳು. ಒಂದು ಮೂಲೆಯಲ್ಲಿ ನಿಜವಾಗಿಯೂ ಸೋರುತ್ತಿತ್ತು ಅನ್ನಿ. ಯಜಮಾನರು ಸುಮ್ನೆ ಒಂದು ಹಿತ್ತಾಳೆ ಪಾತ್ರೆ ತಂದಿಟ್ಟರು. ಮಂಗ ಹಾರಿ ಹಂಚು ಒಡೆದಿದೆಯಂತೆ, ಹಂಚು ಕೈಯಾಡಿಸಿ ಸರಿಮಾಡುವವರು ಈ ವಾರ ಬರುತ್ತೇನೆ ಅಂದು ಮೂರು ವಾರವಾಯಿತಂತೆ. ಅಂಗಳದಲ್ಲಿ ಬಿದ್ದಿದ್ದ ಆ ಒಡಕು ಹಂಚಿನ ಹಿಂದೆ ಕಾರ್ಖಾನೆಯ ಹೆಸರು ಅರ್ಧ ಉಳಿದಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಕಡೆಯ ಮನೆಗಳ ತಲೆಯೇ ಬದಲಾಯಿತು. ಅದಕ್ಕೆ ಮುಂಚೆ ಹುಲ್ಲು, ಸೋಗೆ, ಇಲ್ಲವೇ ನಾಡಹಂಚು.

ಈಗ ಬಚ್ಚಲಿನ ವಿಷಯ. ಹಿಂದೆ ಎರಡು ಬಚ್ಚಲು, ಎರಡು ಟಾಯ್ಲೆಟ್. ಒಂದೇ ಹಂಡೆ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಟವೆಲ್ ಹೆಗಲಿಗೆ ಹಾಕಿಕೊಂಡವರ ಸಾಲು. ನಮ್ಮ ಭಾವ ಎರಡೇ ದಿನದಲ್ಲಿ ಇಪ್ಪತ್ತು ಸಲ ಅಂದಿರಬೇಕು: "ಇಷ್ಟು ದುಡ್ಡು ತಗೋತಾರೆ, ಅಟ್ಯಾಚ್ಡ್ ಬಾತ್‌ರೂಮ್ ಮಾಡ್ಸೋಕೆ ಏನು ರೋಗ?"

ಈ ಪೋಸ್ಟ್ ಬರೆಯೋಕೆ ಕೂತಿದ್ದೇ ಆ ಮಾತಿಗೆ. ಆ ಗೋಡೆ ಮಣ್ಣಿನದು, ಒಂದೂವರೆ ಅಡಿಗೂ ಜಾಸ್ತಿ ದಪ್ಪ. ಮೇ ತಿಂಗಳಲ್ಲಿ ಫ್ಯಾನಿಲ್ಲದೆ ನಿದ್ದೆ ಬಂದಿದ್ದು ಅದರಿಂದಲೇ. ಅದರ ಪಕ್ಕ ಒಳಗೇ ಬಾತ್‌ರೂಮ್ ಕಟ್ಟಿದರೆ ನೀರು ನಿಧಾನಕ್ಕೆ ಮಣ್ಣಿಗೆ ಇಳಿಯುತ್ತದೆ. ಅದು ಕಾಣಬಾರದು ಅಂತ ಸಿಮೆಂಟ್ ಬಳಿದರೆ ಪಸೆ ಹೊರಗೆ ಹೋಗಲಾರದೆ ಒಳಗೇ ಕೂರುತ್ತದೆ, ಗೋಡೆ ಒಳಗಿನಿಂದ ಪುಡಿಯಾಗುತ್ತದೆ. ಆಮೇಲೆ ಒರಲೆ. ಬಚ್ಚಲನ್ನು ದೂರ ಇಟ್ಟಿದ್ದು ಮಡಿಗೆ ಅಂತ ಮಾತ್ರ ಅಲ್ಲ. ಒಲೆಯ ಹೊಗೆ ಅಟ್ಟಕ್ಕೆ ಹೋಗಲಿ ಅಂತ ಬಿಟ್ಟಿದ್ದೂ ಸುಮ್ನೆ ಅಲ್ಲ, ಹೊಗೆ ಹಿಡಿದ ಮರಕ್ಕೆ ಹುಳ ಬೀಳುವುದು ಕಡಿಮೆ. ನಾವು ಬಂದು "ಹೊಗೆ ವಾಸನೆ" ಅಂತ ಒಂದು ಸ್ಟಾರ್ ಕಮ್ಮಿ ಕೊಡುತ್ತೇವೆ. ಯಜಮಾನರು ಹೆದರಿ ಗ್ಯಾಸ್ ಒಲೆ ಇಡುತ್ತಾರೆ, ಟೈಲ್ಸ್ ಹಾಕಿಸುತ್ತಾರೆ, ಮರಕ್ಕೆ ಹೊಳೆಯುವ ಪೇಂಟ್ ಹೊಡೆಸುತ್ತಾರೆ. ಹೀಗೇ ಹತ್ತು ವರ್ಷ ನಡೆದರೆ ಅದು ಹಂಚಿನ ಟೋಪಿ ಹಾಕಿದ ಲಾಡ್ಜ್.

ಹಾಗಂತ ನಾನೇನೂ ಸಾಚಾ ಅಲ್ಲ. ಬುಕ್ ಮಾಡುವಾಗ ನಾನು ಕೇಳಿದ ಮೊದಲ ಪ್ರಶ್ನೆ, "ಅಜ್ಜಿಗೆ ಮಂಡಿನೋವು, ಕಮೋಡ್ ಇದೆಯಾ?" ಇತ್ತು, ಹೊರಗಿನ ಟಾಯ್ಲೆಟ್ಟಿನಲ್ಲಿ. ವಯಸ್ಸಾದವರಿಗೆ ಅದು ಬೇಕೇ ಬೇಕು. ಮನೆಯ ಹೊರಗೆ ಇನ್ನೆರಡು ಕಟ್ಟಿಸಲಿ, ಒಂದು ಮಾಡು ಎಳೆದು ದಾರಿ ಮಾಡಲಿ. ಅದಕ್ಕೆ ನೂರು ರೂಪಾಯಿ ಜಾಸ್ತಿ ಕೇಳಿದರೂ ಕೊಡೋಣ.

ಮತ್ತೆ ಲೆಕ್ಕ. ತಲೆಗೆ ಇಷ್ಟು ಅನ್ನುವ ಪದ್ಧತಿಯೇ ನನಗೆ ಸರಿ ಕಾಣಲಿಲ್ಲ. ಜನ ಜಾಸ್ತಿಯಾದಷ್ಟೂ ಅವರಿಗೆ ದುಡ್ಡು, ಹಾಗಾಗಿ ತುಂಬುತ್ತಾರೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಮ್‌ಸ್ಟೇ ಯೋಜನೆಯಲ್ಲಿ ಒಂದು ಮನೆಗೆ ಹೆಚ್ಚೆಂದರೆ 6 ರೂಮು, 12 ಹಾಸಿಗೆ. ನಾವು ಇದ್ದದ್ದು 23. ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಎರಡನೇ ದಿನ ಬಾವಿಗೆ ಹಾಕಿದ ಪಂಪು ಬರೀ ಗಾಳಿ ಉಗುಳಿದಾಗ ಎಲ್ಲರಿಗೂ ಲೆಕ್ಕ ತಿಳಿಯಿತು.

ಬರ್ಮಿಂಗ್‌ಹ್ಯಾಮಿನಲ್ಲಿರುವ ನನ್ನ ತಂಗಿ ಇದನ್ನು ಕೇಳಿ ಅಲ್ಲಿನ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಬಗ್ಗೆ ಹೇಳಿದಳು. 1965ರಲ್ಲಿ ಶುರುವಾದ ಸಂಸ್ಥೆ. ಬೀಳುವ ಹಳೇ ಮನೆ, ಗೋಪುರ, ಕೋಟೆಮನೆ ತೆಗೆದುಕೊಂಡು ರಿಪೇರಿ ಮಾಡಿ ರಜೆಗೆ ಬಾಡಿಗೆ ಕೊಡುತ್ತದೆ, ಬಂದ ದುಡ್ಡು ಮನೆಗಳ ದೇಖರೇಖಿಗೆ. ಬಾಡಿಗೆ ತಲೆಗಲ್ಲ, ಇಡೀ ಮನೆಗೆ. ಎಷ್ಟು ಜನ ಮಲಗಬಹುದು ಅಂತ ಮೊದಲೇ ಬರೆದಿರುತ್ತದೆ, ಅದರ ಮೇಲೆ ಒಬ್ಬರೂ ಇಲ್ಲ. ಟಿವಿ ಇಡುವುದಿಲ್ಲ. ಅವಳ ಊರಿನ ಹತ್ತಿರದ ಆಸ್ಟ್ಲಿ ಕ್ಯಾಸಲ್ ಅನ್ನೋ ಕೋಟೆಮನೆ 1978ರಲ್ಲಿ ಸುಟ್ಟು ಮೂವತ್ತು ವರ್ಷ ಪಾಳು ಬಿದ್ದಿತ್ತು. ಟ್ರಸ್ಟಿನವರು ಪಾಳು ಗೋಡೆ ಹಾಗೇ ಬಿಟ್ಟು ಒಳಗೆ ಹೊಸ ಮನೆ ಕೂರಿಸಿದರು, 2013ರಲ್ಲಿ ಅದಕ್ಕೆ ಬ್ರಿಟನ್ನಿನಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ಸ್ಟರ್ಲಿಂಗ್ ಪ್ರಶಸ್ತಿ ಬಂತು. ಅಲ್ಲಿ ದಾನ ಕೊಡುವವರಿದ್ದಾರೆ, ಇಲ್ಲಿ ಈ ಇಬ್ಬರು ಮುದುಕರು ಅಡಿಕೆ ದುಡ್ಡಿನಲ್ಲಿ ಮನೆ ನಿಲ್ಲಿಸಿಕೊಂಡಿದ್ದಾರೆ. ಹೋಲಿಸಬಾರದು, ಗೊತ್ತು. ಆದರೆ ಇಡೀ ಮನೆಗೆ ಒಂದು ಬಾಡಿಗೆ, ಜನಕ್ಕೆ ಒಂದು ಮಿತಿ, ಇಷ್ಟಕ್ಕೆ ಯಾವ ದಾನವೂ ಬೇಕಿಲ್ಲ.

ಕೊನೆಯದು ಹೇಳೋಕೆ ನಾಚಿಕೆ. ಹುಟ್ಟುಹಬ್ಬಕ್ಕೆ ಅಂತ ನಮ್ಮ ಹುಡುಗರು ಬಂಗಾರ ಬಣ್ಣದ ಅಕ್ಷರದ ಬ್ಯಾನರ್ ತಂದಿದ್ದರು. ತೊಟ್ಟಿಯ ಎರಡು ಕಂಬಗಳ ನಡುವೆ ಕಟ್ಟುವ ಬದಲು ಪ್ಯಾಕಿಂಗ್ ಟೇಪ್ ಸುತ್ತಿ ಅಂಟಿಸಿದರು. ಹಲಸಿನ ಕಂಬ. ಎಷ್ಟೋ ಜನ ಹಾದುಹೋಗುವಾಗ ಕೈ ಸವರಿ ಸವರಿ ಕಪ್ಪಗೆ ಎಣ್ಣೆ ಬಿಟ್ಟ ಹಾಗೆ ಮಿರುಗುತ್ತಿತ್ತು. ಹೊರಡುವ ಬೆಳಿಗ್ಗೆ ಟೇಪ್ ಚರ್ರಂತ ಎಳೆದರು. ಮಿರುಗೂ ಅದರ ಜೊತೆ ಬಂತು. ಕಂಬದ ಸುತ್ತ ಎರಡು ಬೆರಳಗಲದ ಬಿಳಿಚು ಪಟ್ಟಿ. ಯಜಮಾನರ ಹೆಂಡತಿ, ಆ ಅಮ್ಮ, ನೋಡಿದರು, ಏನೂ ಅನ್ನಲಿಲ್ಲ. ಅಜ್ಜಿಗೆ ಅರಿಶಿನ ಕುಂಕುಮ ಕೊಟ್ಟು, ನಮಗೆ ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟು ಕಳಿಸಿದರು.

ಹೋದ ವಾರ ಆ ಅಮ್ಮನಿಗೆ ಫೋನ್ ಮಾಡಿದ್ದೆ. ಹಂಚು ಕೈಯಾಡಿಸುವವರು ಅಂತೂ ಬಂದು ಹೋದರಂತೆ, ಮೂಲೆ ಸೋರುವುದು ನಿಂತಿದೆ. ಕಂಬದ ವಿಷಯ ನಾನೇ ಎತ್ತಿದೆ.

"ದಿನಾ ಕೊಬ್ಬರಿ ಎಣ್ಣೆ ಹಚ್ತಿದೀನಿ ಮಾರಾಯ್ತಿ," ಅಂದರು, "ಇನ್ನೂ ಕಾಣ್ತದೆ."